ಇಕ್ಕೇರಿಯ ಅಘೋರೇಶ್ವರ: ರಾಜಧಾನಿ ಅಳಿದ ಮೇಲೂ ಉಳಿದ ಕಲ್ಲುಗುಡಿ

ಶರಾವತಿ ಹಿನ್ನೀರಿನಾಚೆಯ ಬ್ಯಾಕೋಡು, ತುಮರಿ, ಕರೂರು ಸೀಮೆಯ ಜನರಿಗೆ ಸಾಗರ ಪೇಟೆ ಬಹುಕಾಲ ಲಾಂಚಿನ ಆಚೆ ದಡದ ಊರಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ದೂರ ತಗ್ಗಿದೆ. ಸಿಗಂದೂರಿಗೂ ಜೋಗಕ್ಕೂ ಹೋಗುವ ವಾಹನಗಳು ಸಾಗರವನ್ನು ದಾಟಿಕೊಂಡೇ ಓಡುತ್ತವೆ. ಆ ಪೇಟೆಯಿಂದ ಕೆಲವೇ ಕಿಲೋಮೀಟರ್ ದೂರದ ಇಕ್ಕೇರಿಯ ಕಡೆ ತಿರುಗುವವರು ಮಾತ್ರ ಕಡಿಮೆ. ಸುಮಾರು 1560ರಿಂದ 1640ರವರೆಗೆ ಕೆಳದಿ ಅರಸರ ರಾಜಧಾನಿಯಾಗಿದ್ದ ಊರು ಅದು. ಅರಮನೆ, ಕೋಟೆ, ಪೇಟೆಬೀದಿ ಎಲ್ಲ ಅಳಿದಿವೆ. ಅಘೋರೇಶ್ವರ ದೇವಾಲಯ ಉಳಿದಿದೆ, ಅಲ್ಲಿ ಇಂದಿಗೂ ಪೂಜೆ ನಡೆಯುತ್ತದೆ.

ಯುರೋಪಿನ ಹಳೆಯ ನಗರಗಳ ಕ್ಯಾಥೆಡ್ರಲ್‌ಗಳ ಚರಿತ್ರೆ ಬರೆಯುವವರು ಕಟ್ಟಿಸಿದ ದೊರೆಯ ಜೊತೆಗೆ ಊರನ್ನು ಅಲುಗಾಡಿಸಿದ ಯುದ್ಧ, ಬೆಂಕಿ, ಭೂಕಂಪಗಳ ಲೆಕ್ಕವನ್ನೂ ಇಡುತ್ತಾರೆ. ಇಕ್ಕೇರಿಯ ಗುಡಿಗೂ ಅಂಥ ಚರಿತ್ರೆ ಸಲ್ಲಬೇಕು. ನಮ್ಮಲ್ಲಿ ಅದನ್ನು ಶಿಲ್ಪದ ಸೊಬಗಿಗಾಗಿ ಹೊಗಳಿ ಮುಂದೆ ಹೋಗುವುದೇ ಹೆಚ್ಚು. ಒಂದು ರಾಜಧಾನಿಯ ಮುಖ್ಯ ದೇಗುಲವಾಗಿ ಅದು ಏನನ್ನು ಕಂಡಿತು, ಏನನ್ನು ತಾಳಿಕೊಂಡಿತು ಎಂಬುದು ಇಲ್ಲಿನ ವಿಷಯ.

ಕೆಳದಿಯಿಂದ ಇಕ್ಕೇರಿಗೆ

ಕೆಳದಿ ಅರಸುಮನೆತನದ ಆರಂಭವನ್ನು ಚೌಡಪ್ಪ ನಾಯಕನ ಕಾಲಕ್ಕೆ, ಅಂದರೆ 1500ರ ಆಸುಪಾಸಿಗೆ ಇಡುತ್ತಾರೆ. ಸಾಗರದ ಸಮೀಪದ ಕೆಳದಿಯೇ ಅವರ ಮೊದಲ ನೆಲೆ. ಅಲ್ಲಿನ ರಾಮೇಶ್ವರ ಮತ್ತು ವೀರಭದ್ರ ಗುಡಿಗಳು ಮನೆತನದ ಮೊದಲ ಕಟ್ಟಡಗಳ ಗುರುತು. ಚೌಡಪ್ಪನ ಮಗ ಸದಾಶಿವ ನಾಯಕ ವಿಜಯನಗರದ ಅಳಿಯ ರಾಮರಾಯನ ಪರವಾಗಿ ದಂಡಯಾತ್ರೆಗಳಿಗೆ ಹೋಗಿ ‘ಕೋಟೆಕೋಲಾಹಲ’ ಎಂಬ ಬಿರುದು ಪಡೆದವನು. ಸಾಗರ ಪೇಟೆಯ ಹುಟ್ಟು, ಅಲ್ಲಿನ ದೊಡ್ಡ ಕೆರೆ ಎರಡೂ ಅವನ ಹೆಸರಿನೊಂದಿಗೆ ಸೇರಿಕೊಂಡಿವೆ.

ಆಳ್ವಿಕೆ ಹಿಗ್ಗಿದಂತೆ ನೆಲೆ ಇಕ್ಕೇರಿಗೆ ಬಂತು. ಸುತ್ತ ಬಯಲು, ನೀರು, ಹತ್ತಿರದಲ್ಲೇ ಕಾಡು, ಕರಾವಳಿಗೆ ಇಳಿಯುವ ಗೇರುಸೊಪ್ಪೆಯ ಘಟ್ಟದ ದಾರಿ. ಮೆಣಸು ಮತ್ತು ಅಕ್ಕಿ ಆ ದಾರಿಯಲ್ಲಿ ಹೊನ್ನಾವರದ ಕಡೆ ಇಳಿಯುತ್ತಿದ್ದವು, ಪೋರ್ಚುಗೀಸರ ಹಣ ಮೇಲಕ್ಕೆ ಹತ್ತುತ್ತಿತ್ತು. ಇಕ್ಕೇರಿಯ ಟಂಕಸಾಲೆಯ ವರಹಕ್ಕೆ ದೂರದ ಪೇಟೆಗಳಲ್ಲೂ ಬೆಲೆಯಿತ್ತು. ರಾಜಧಾನಿ ಮುಂದೆ ಬಿದನೂರಿಗೆ ಹೋದ ಮೇಲೂ, ನಾಣ್ಯ ಬೇರೆಡೆ ಅಚ್ಚಾಗುತ್ತಿದ್ದಾಗಲೂ ಜನ ಅದನ್ನು ಇಕ್ಕೇರಿ ವರಹ ಎಂದೇ ಕರೆದರು.

ಅಘೋರೇಶ್ವರ ದೇವಾಲಯ 16ನೆಯ ಶತಮಾನದ ಕಟ್ಟಡ. ಪರಂಪರೆ ಅದನ್ನು ಸದಾಶಿವ ನಾಯಕನ ಮಗ ದೊಡ್ಡ ಸಂಕಣ್ಣ ನಾಯಕನ ಹೆಸರಿಗೆ ಸೇರಿಸುತ್ತದೆ. ತಮ್ಮ ಚಿಕ್ಕ ಸಂಕಣ್ಣನಿಗೆ ರಾಜ್ಯ ಒಪ್ಪಿಸಿ ದೊಡ್ಡ ಸಂಕಣ್ಣ ಕಾಶಿಯ ಕಡೆ ಯಾತ್ರೆ ಹೋದ. ದಿಲ್ಲಿಯಲ್ಲಿ ಅಕ್ಬರನ ಮುಂದೆ ಅಂಕುಶಖಾನನೆಂಬ ಜಟ್ಟಿಯನ್ನು ಸೋಲಿಸಿದ ಎಂದು ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಹೇಳುತ್ತದೆ. ಜಟ್ಟಿಕಾಳಗದ ಕಥೆ ಕಾವ್ಯದ ಮಾತಾಗಿರಬಹುದು. ಘಟ್ಟದಂಚಿನ ಈ ಮನೆತನ ತನ್ನನ್ನು ಕಾಶಿ, ದಿಲ್ಲಿಗಳ ಅಳತೆಯಲ್ಲಿ ನೋಡಿಕೊಳ್ಳುತ್ತಿತ್ತು ಎಂಬುದನ್ನಂತೂ ಅದು ತಿಳಿಸುತ್ತದೆ. ಅಂಥ ಮನಸ್ಸಿನವರೇ ಇಷ್ಟು ದೊಡ್ಡ ಗುಡಿಯನ್ನು ಮಲೆನಾಡಿನ ನಡುವೆ ಎತ್ತಿ ನಿಲ್ಲಿಸಲು ಸಾಧ್ಯ.

ಕಟ್ಟಡದ ಬಗೆ

ದೇವಾಲಯ ಉತ್ತರಕ್ಕೆ ಮುಖ ಮಾಡಿದೆ. ಗಟ್ಟಿ ಗ್ರಾನೈಟಿನ ಎತ್ತರದ ಜಗತಿ, ಅದರ ಮೇಲೆ ವಿಶಾಲವಾದ ಮುಖಮಂಟಪ, ಒಳಗೆ ಸುಕನಾಸಿ, ಪ್ರದಕ್ಷಿಣಾ ಪಥ, ಗರ್ಭಗುಡಿ. ಮುಖಮಂಟಪಕ್ಕೆ ಉತ್ತರ, ಪೂರ್ವ, ಪಶ್ಚಿಮ ಮೂರು ಕಡೆಯಿಂದಲೂ ಬಾಗಿಲುಗಳಿವೆ. ಗೋಡೆಯ ಜಾಲಂಧ್ರಗಳಿಂದ ಹರಿದು ಬರುವ ಬೆಳಕು ಕಂಬಗಳ ಮೇಲೆ ಬಿದ್ದು ನೆಲಕ್ಕಿಳಿಯುತ್ತದೆ. ಗರ್ಭಗುಡಿಯ ಬಾಗಿಲಿನತ್ತ ಹೋಗುವಾಗ ಗೂಡುಗಳಲ್ಲಿ ಗಣಪತಿ, ಷಣ್ಮುಖ, ಮಹಿಷಮರ್ದಿನಿ, ಭೈರವರ ವಿಗ್ರಹಗಳು ಕಾಣುತ್ತವೆ. ಹೊರಗೋಡೆಯ ತುಂಬ ಬಿಡಿಬಿಡಿ ಶಿಲ್ಪಗಳು. ಒಂದೇ ಕಥೆಯನ್ನು ಸಾಲಾಗಿ ಹೇಳುವ ಹೊಯ್ಸಳ ಪಟ್ಟಿಕೆಗಳ ಹಾಗೆ ಅವು ಇಲ್ಲ. ಖಾಲಿ ಗೋಡೆಯಲ್ಲಿ ಇಲ್ಲೊಂದು ಅಲ್ಲೊಂದು ಅರಳಿದಂತಿವೆ.

ಎದುರಿಗೆ ನಂದಿಮಂಟಪವಿದೆ. ಕಮಾನುಗಳನ್ನು ತೆರೆದ ಆ ಪುಟ್ಟ ಕಟ್ಟಡದೊಳಗೆ ಭಾರಿ ಗಾತ್ರದ ನಂದಿ ಕುಳಿತಿದ್ದಾನೆ. ಪಕ್ಕದಲ್ಲಿ ದೇವಿಯ ಗುಡಿ ಬೇರೆಯಾಗಿದೆ. ಕಮಾನು ಬಿಜಾಪುರದ ಕಡೆಯ ಕಟ್ಟಡಗಳಿಂದ ಬಂದ ರೂಢಿ, ಕಂಬ ಮತ್ತು ಬೋದಿಗೆ ವಿಜಯನಗರದವು, ಗೋಡೆಯ ಕೆಲವು ವಿಭಾಗಗಳಲ್ಲಿ ಹೊಯ್ಸಳರ ನೆನಪು ಇದೆ. ಮೂರು ಕಡೆಯ ಕಸುಬುಗಳನ್ನು ಒಂದೇ ಅಂಗಳದಲ್ಲಿ ಕೂಡಿಸಿಯೂ ಕಟ್ಟಡ ಚದುರಿದಂತೆ ಕಾಣುವುದಿಲ್ಲ. ಕೆಳದಿ ಶೈಲಿ ಎಂದು ಪ್ರತ್ಯೇಕವಾಗಿ ಹೇಳಬಹುದಾದರೆ ಅದರ ಅತ್ಯುತ್ತಮ ಮಾದರಿ ಇದೇ ಎಂಬುದು ನನ್ನ ಅಭಿಪ್ರಾಯ. ಕೆಳದಿಯ ಗುಡಿಗಳು ಆಪ್ತವಾಗಿವೆ, ಮಲೆನಾಡಿನ ದೊಡ್ಡ ಮನೆಗಳ ಹಾಗೆ. ಇಕ್ಕೇರಿಯದು ರಾಜಗಾಂಭೀರ್ಯದ ಕಟ್ಟಡ.

ಗರ್ಭಗುಡಿಯೊಳಗಿನ ಪೀಠವನ್ನು ಗಮನಿಸದೆ ಬರಬಾರದು. ಕೋಣೆಯ ಬಹುಭಾಗವನ್ನು ಅದೇ ತುಂಬಿಕೊಂಡಿದೆ. ಸುತ್ತಲೂ ಕುಳಿತ ಭಂಗಿಯ 32 ಶಕ್ತಿದೇವತೆಗಳು. ಇಷ್ಟು ದೊಡ್ಡ ಪೀಠದ ಮೇಲೆ ಹಿಂದೆ ಇದ್ದದ್ದು 32 ಕೈಗಳ ಅಘೋರಮೂರ್ತಿಯ ವಿಗ್ರಹ. ಅದು ದಾಳಿಯಲ್ಲಿ ನಾಶವಾಯಿತೆಂದು ಸ್ಥಳೀಯರು ಹೇಳುತ್ತ ಬಂದಿದ್ದಾರೆ. ಈಗ ಪೂಜೆಗೊಳ್ಳುವುದು ಲಿಂಗ.

ನೆಲದಲ್ಲಿ ಕೆತ್ತಿದ ದೊರೆಗಳು, ಕಂಬದಲ್ಲಿ ಅಡಗಿದ ಅಳತೆ

ಮಂಟಪದ ನೆಲಗಲ್ಲಿನಲ್ಲಿ ದೇವರಿಗೆ ನಮಸ್ಕರಿಸುತ್ತಿರುವ ಮೂವರು ಕೆಳದಿ ಅರಸರ ಆಕೃತಿಗಳನ್ನು ಕೆತ್ತಿದ್ದಾರೆ. ತಲೆಯ ಬಳಿ ಅವರವರ ಹೆಸರೂ ಇದೆ. ಗುಡಿಗೆ ಬಂದವರ ಪಾದ ತಮ್ಮ ಮೇಲೆ ಬೀಳಲಿ ಎಂಬ ಭಕ್ತಿಯಿಂದ ಅರಸರು ಹೀಗೆ ನೆಲದಲ್ಲಿ ಮಲಗುವುದು ದಕ್ಷಿಣದ ದೇಗುಲಗಳಲ್ಲಿ ಅಲ್ಲಲ್ಲಿ ಕಾಣುವ ರೂಢಿ. ಅವರಲ್ಲಿ ಒಬ್ಬ ಹುಚ್ಚ ಸೋಮಶೇಖರ, ಕೈಕಾಲಿಗೆ ಬೇಡಿ ತೊಟ್ಟವನಂತೆ ಅವನನ್ನು ತೋರಿಸಿದೆ ಎಂದು ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದರು. ರಾಣಿ ಚೆನ್ನಮ್ಮಾಜಿಯ ಗಂಡನಾದ ಸೋಮಶೇಖರ ನಾಯಕನ ಬುದ್ಧಿ ಕೆಟ್ಟಿತು. ಮುಂದೆ 1672ರಿಂದ ಆಕೆಯೇ ಆಳಬೇಕಾಯಿತು. ಮರಾಠರ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರು ಹಾಕಿಕೊಂಡವಳು ಅವಳೇ. ದೊರೆಯ ದೌರ್ಬಲ್ಯವನ್ನು ಅಳಿಸಿ ಹಾಕದೆ, ಬೇಡಿಯ ಸಮೇತ ದೇವರ ಮುಂದೆ ಇಟ್ಟ ಆ ಕೆತ್ತನೆ ನನ್ನನ್ನು ಪ್ರತಿಸಲವೂ ತಡೆದು ನಿಲ್ಲಿಸುತ್ತದೆ. ರಾಜಧಾನಿ ಬಿದನೂರಿಗೆ ಹೋಗಿ ದಶಕಗಳು ಕಳೆದ ಮೇಲೂ ಮನೆತನದ ನೋವನ್ನು ಹೇಳಿಕೊಳ್ಳಲು ಇಕ್ಕೇರಿಯ ಅಘೋರೇಶ್ವರನೇ ಬೇಕಾಗಿದ್ದ ಎಂಬುದಕ್ಕೂ ಅದು ಸಾಕ್ಷಿ.

ಅಡಕೆ ಬೆಳೆಗಾರರು ತಿಳಿದಿರಬೇಕಾದ ಇನ್ನೊಂದು ಸಂಗತಿ ಈ ಮಂಟಪದಲ್ಲಿದೆ. ನಡುವಣ ಕಂಬಗಳ ನಡುವಿನ ಅಂತರವನ್ನೇ ತೋಟದ ಜಮೀನಿನ ಅಳತೆಗೋಲಾಗಿ ಬಳಸುತ್ತಿದ್ದರು. ಗೆಜೆಟಿಯರ್ ಕೊಡುವ ಲೆಕ್ಕದಂತೆ ಆ ಕೋಲು 18 ಅಡಿ 6 ಅಂಗುಲ, ಅಂದರೆ ಸುಮಾರು 5.64 ಮೀಟರ್. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಭೂಕಂದಾಯ ಪದ್ಧತಿಗೆ ‘ಶಿಸ್ತು’ ಎಂದೇ ಹೆಸರು. ಅಳತೆಯ ವಿಷಯದಲ್ಲಿ ರೈತನಿಗೂ ಶಾನುಭೋಗನಿಗೂ ಜಗಳವಾದರೆ ಕೋಲನ್ನು ಮೋಟುಗೊಳಿಸಬಹುದು, ಹಗ್ಗವನ್ನು ಹಿಗ್ಗಿಸಬಹುದು. ದೇವರ ಮಂಟಪದ ಕಲ್ಲುಕಂಬಗಳನ್ನು ಯಾರೂ ಸರಿಸಲಾರರು. ಗುಡಿ ಹೀಗೆ ಆಡಳಿತಕ್ಕೂ ಆಧಾರವಾಗಿತ್ತು.

1623ರಲ್ಲಿ ಬಂದ ರೋಮಿನ ಪ್ರವಾಸಿ

ಇಕ್ಕೇರಿ ರಾಜಧಾನಿಯಾಗಿ ಬಾಳುತ್ತಿದ್ದಾಗ ಅದನ್ನು ಕಣ್ಣಾರೆ ಕಂಡು ವಿವರವಾಗಿ ಬರೆದವನು ಪಿಯೆತ್ರೊ ದೆಲ್ಲಾ ವಾಲ್ಲೆ. ರೋಮಿನ ಸಿರಿವಂತ ಮನೆತನದವನು. ಗೋವಾದ ಪೋರ್ಚುಗೀಸರು ಹಿರಿಯ ವೆಂಕಟಪ್ಪ ನಾಯಕನ ಬಳಿಗೆ ಕಳಿಸಿದ ರಾಯಭಾರಿಯ ಜೊತೆ ಅವನು 1623ರ ಅಕ್ಟೋಬರಿನಲ್ಲಿ ಹೊರಟ. ಹೊನ್ನಾವರಕ್ಕೆ ಹಡಗು, ಅಲ್ಲಿಂದ ಶರಾವತಿಯಲ್ಲಿ ದೋಣಿ, ಗೇರುಸೊಪ್ಪೆಯಿಂದ ಘಟ್ಟ ಹತ್ತಿ ಸಾಗರ, ಕೊನೆಗೆ ಇಕ್ಕೇರಿ. ಗೇರುಸೊಪ್ಪೆಯನ್ನು ನೋಡಿದಾಗ ಅದು ಅದಾಗಲೇ ಹಾಳುಬಿದ್ದಿತ್ತು. ಮೆಣಸಿನ ವ್ಯಾಪಾರದಿಂದ ಮೆರೆದ ಊರು, ಅರಮನೆಯೂ ಕುಸಿದು ಮರಗಿಡ ಬೆಳೆದುಬಿಟ್ಟಿದೆ ಎಂದು ಬರೆದ. ವೆಂಕಟಪ್ಪ ನಾಯಕ ಆ ಸೀಮೆಯನ್ನು ಗೆದ್ದುಕೊಂಡು ಬಹಳ ವರ್ಷವೇನೂ ಆಗಿರಲಿಲ್ಲ.

ಘಟ್ಟದ ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ಅವನು ಕಂಡದ್ದು ಶಿಕ್ಷಣದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಕೆಲವು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳು ಹರವಿ, ಬೆರಳಿನಿಂದ ಅಂಕಿ ಬರೆಯುತ್ತ, ಬರೆದದ್ದನ್ನು ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದರು. ಗುರು ಹತ್ತಿರದಲ್ಲಿರಲಿಲ್ಲ; ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ಕಾಗದ ವ್ಯರ್ಥವಾಗದ ಈ ರೀತಿ ಅವನಿಗೆ ತುಂಬ ಹಿಡಿಸಿತು. ನಮ್ಮ ಹಳ್ಳಿಗಳಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿದ ಹಿರಿಯರು ಇನ್ನೂ ಇದ್ದಾರೆ. ಆ ಕ್ರಮಕ್ಕೆ ಸಾಗರ ಸೀಮೆಯಲ್ಲೇ 400 ವರ್ಷ ಹಿಂದಿನ ಕಣ್ಣಸಾಕ್ಷಿ ಇದೆ ಎಂಬುದು ಹೆಮ್ಮೆಯ ವಿಷಯ.

ಇಕ್ಕೇರಿಯನ್ನು ಅವನು ವರ್ಣಿಸಿದ ರೀತಿಯಲ್ಲಿ ಮಲೆನಾಡಿನವರಿಗೆ ಅಚ್ಚರಿ ಇಲ್ಲ. ಊರು ಬಯಲಿನಲ್ಲಿತ್ತು, ಒಳಗೆ ಹೋಗಲು ಮೂರು ಬಾಗಿಲು ದಾಟಬೇಕಿತ್ತು, ಮೂರಕ್ಕೂ ಸಣ್ಣ ಕಂದಕ. ಮೊದಲ ಸುತ್ತಿನಲ್ಲಿ ಇದ್ದದ್ದು ದಟ್ಟವಾಗಿ ಬೆಳೆಸಿದ ಎತ್ತರದ ಬಿದಿರು, ಅದೇ ಗೋಡೆ. ಒಳಗೆ ಮನೆಗಳು ಒತ್ತೊತ್ತಾಗಿರಲಿಲ್ಲ. ನಡುನಡುವೆ ಮರಗಳು, ಹಿತ್ತಿಲುಗಳು. ಕಲ್ಲಿನ ಬೀದಿಗಳ ರೋಮಿನಿಂದ ಬಂದವನಿಗೆ ಅದು ನಗರಕ್ಕಿಂತ ತೋಪಿನಂತೆ ಕಂಡಿತು.

ಅಘೋರೇಶ್ವರ ದೇವಾಲಯವನ್ನು ಮಾತ್ರ ಅವನು ಬಹಳ ಗಮನವಿಟ್ಟು ನೋಡಿದ. ಊರಿನಲ್ಲಿ ಅದೇ ಮುಖ್ಯ ದೇಗುಲ ಎಂದು ಗುರುತಿಸಿದ. ದೇವರಿಗೆ ಒಂದೊಂದು ಪಕ್ಕಕ್ಕೆ ಹದಿನಾರರಂತೆ 32 ಕೈಗಳಿವೆ ಎಂದು ಬರೆದ. ಗರ್ಭಗುಡಿಯ ಪೀಠದಲ್ಲಿರುವ 32 ಶಕ್ತಿಯರಿಗೂ ಅವನ ಆ ಮಾತಿಗೂ ಸರಿಹೊಂದುವುದರಿಂದ, ಕಾಣೆಯಾದ ಮೂರ್ತಿಯ ಬಗ್ಗೆ ನಮಗಿರುವ ಅತ್ಯಂತ ನಂಬಿಕೆಯ ಆಧಾರ ಪರದೇಶದವನ ಆ ಬರಹವೇ. ಉತ್ಸವ, ದೀವಟಿಗೆ, ವಾದ್ಯ, ಕುಣಿತಗಳನ್ನು ಬರೆದಿಟ್ಟ. ಗಂಡನನ್ನು ಕಳೆದುಕೊಂಡು ಚಿತೆಯೇರಲು ನಿಶ್ಚಯಿಸಿದ್ದ ಒಬ್ಬ ಹೆಣ್ಣುಮಗಳನ್ನು ಇದೇ ಊರಿನಲ್ಲಿ ಕಂಡು, ಮಾತನಾಡಿಸಿ, ಅವಳ ಮನಸ್ಸು ತಿರುಗಿಸಲು ಯತ್ನಿಸಿದ್ದನ್ನೂ ಬರೆದ. ರಾಜಧಾನಿಯ ಸೊಬಗಿನ ಪಕ್ಕದಲ್ಲೇ ಆ ಪುಟಗಳನ್ನೂ ಓದಬೇಕು.

ನಗರ ಅಳಿದದ್ದು ಹೇಗೆ

ಇಕ್ಕೇರಿಗೆ ಭೂಕಂಪ ಬಡಿಯಲಿಲ್ಲ. ಬಿಜಾಪುರದ ಸೇನೆ ಬಡಿಯಿತು. 1637ರ ಕೊನೆಯಲ್ಲಿ ರಣದುಲ್ಲಾಖಾನನ ದಂಡು ಇಕ್ಕೇರಿಯ ಮೇಲೆ ಬಿತ್ತು. ಆಗ ಆಳುತ್ತಿದ್ದವನು ವೀರಭದ್ರ ನಾಯಕ. ಬಯಲಿನ ಊರು, ಬಿದಿರುಮೆಳೆಯ ಬೇಲಿ, ಸಣ್ಣ ಕಂದಕಗಳು ಅಂಥ ಸೇನೆಯನ್ನು ತಡೆಯಲಾಗಲಿಲ್ಲ. ಕಪ್ಪ ಒಪ್ಪಿ ರಾಜ್ಯ ಉಳಿಸಿಕೊಂಡ ವೀರಭದ್ರ ನಾಯಕ ನೆಲೆಯನ್ನು ಇನ್ನೂ ದಟ್ಟ ಕಾಡಿನ ಬಿದನೂರಿಗೆ, ಇಂದಿನ ಹೊಸನಗರ ತಾಲ್ಲೂಕಿನ ನಗರಕ್ಕೆ ಒಯ್ದ. ಮಳೆಯೂ ಬೆಟ್ಟವೂ ಅಲ್ಲಿ ಕೋಟೆಯ ಕೆಲಸ ಮಾಡುತ್ತಿದ್ದವು. ಮುಂದೆ ಶಿವಪ್ಪ ನಾಯಕ ಅಲ್ಲಿಂದಲೇ ಕರಾವಳಿಗೆ ಇಳಿದು 1650ರ ದಶಕದಲ್ಲಿ ಪೋರ್ಚುಗೀಸರ ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರು ಕೋಟೆಗಳನ್ನು ಕಿತ್ತುಕೊಂಡ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿಯುವವರೆಗೆ ಮನೆತನ ಅಲ್ಲಿತ್ತು.

ಇಕ್ಕೇರಿಯ ಅರಮನೆ ಮಣ್ಣು ಮತ್ತು ಮರದ್ದು. ಕೆತ್ತನೆ ಮಾಡಿ ಚಿನ್ನದ ಬಣ್ಣ ಹೊಡೆದದ್ದು ಎಂದು ರೈಸ್ ಬರೆದಿದ್ದಾರೆ. ಸುತ್ತ ಮೂರು ಸುತ್ತಿನ ಕೋಟೆಗೋಡೆ ವಿಶಾಲವಾಗಿ ಹಬ್ಬಿತ್ತು. ಮಲೆನಾಡಿನಲ್ಲಿ ಮಣ್ಣಿನ ಗೋಡೆಗೆ ಸೂರು ಇರುವಷ್ಟು ದಿನ ಆಯುಸ್ಸು. ಸೋಗೆಯನ್ನೋ ಹುಲ್ಲನ್ನೋ ವರ್ಷ ವರ್ಷ ಹೊದಿಸುವವರು ಬಿಟ್ಟುಹೋದರೆ ಕೆಲವು ಮಳೆಗಾಲದಲ್ಲಿ ಗೋಡೆ ಕರಗಿ ದಿಬ್ಬವಾಗುತ್ತದೆ. ತೊಲೆಗಳನ್ನು ಗೆದ್ದಲು ತಿನ್ನುತ್ತದೆ, ಉಳಿದದ್ದನ್ನು ಊರಿನವರು ಹೊಸ ಮನೆಗೆ ಒಯ್ಯುತ್ತಾರೆ. ಒಂದು ರಾಜಧಾನಿ ಹೀಗೆ ಸದ್ದಿಲ್ಲದೆ ನೆಲಕ್ಕೆ ಸೇರಿತು. ದೇವಾಲಯ ಉಳಿದದ್ದಕ್ಕೆ ಕಲ್ಲು ಒಂದು ಕಾರಣ. ಬಿದನೂರಿಗೆ ಹೋದ ಅರಸರೂ ಉಳಿದ ಊರಿನವರೂ ಅದನ್ನು ಕೈಬಿಡಲಿಲ್ಲ ಎಂಬುದು ಅಷ್ಟೇ ದೊಡ್ಡ ಕಾರಣ.

ನೆಲ ನಡುಗಿದರೆ

ಮಲೆನಾಡು ಹಿಮಾಲಯದಂತೆ ಭೂಕಂಪದ ನಾಡಲ್ಲ. ಭಾರತೀಯ ಮಾನಕ ಬ್ಯೂರೋ 2002ರಲ್ಲಿ ಪರಿಷ್ಕರಿಸಿದ ನಕ್ಷೆಯಲ್ಲಿ ಕರ್ನಾಟಕದ ಯಾವ ಭಾಗವೂ ನಾಲ್ಕು, ಐದನೆಯ ವಲಯಗಳಲ್ಲಿರಲಿಲ್ಲ. ಕರಾವಳಿ ಜಿಲ್ಲೆಗಳು ಮೂರನೆಯ ವಲಯದಲ್ಲಿದ್ದವು. ದಖ್ಖನದ ಬಂಡೆ ಹಳೆಯದು, ಗಟ್ಟಿಯಾದದ್ದು. ಆದರೂ ಅದು ಎಂದೂ ಅಲುಗದು ಎಂಬ ನಂಬಿಕೆಯನ್ನು 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪ ಮುರಿಯಿತು. ತೀವ್ರತೆ 6ನ್ನು ಮೀರಿತ್ತು. ಕೊಯ್ನಾ ಜಲಾಶಯ ತುಂಬತೊಡಗಿ ಕೆಲವೇ ವರ್ಷವಾಗಿತ್ತು. ದೊಡ್ಡ ಜಲಾಶಯದ ನೀರಿನ ಭಾರ, ಬಿರುಕುಗಳೊಳಗೆ ಇಳಿಯುವ ನೀರಿನ ಒತ್ತಡ ಇವು ಸ್ತರಭಂಗವನ್ನು ಜಾರಿಸಬಲ್ಲವು ಎಂಬುದಕ್ಕೆ ಜಗತ್ತಿನ ವಿಜ್ಞಾನಿಗಳು ಇಂದಿಗೂ ಕೊಡುವ ಮುಖ್ಯ ಉದಾಹರಣೆ ಅದೇ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಸುತ್ತ ಭೂಕಂಪದಲ್ಲಿ ಸಾವಿರಾರು ಜನ ಸತ್ತರು. ಮಣ್ಣಿನಲ್ಲಿ ಜೋಡಿಸಿದ ಗುಂಡುಕಲ್ಲಿನ ಗೋಡೆ, ಮೇಲೆ ದಪ್ಪ ಮಣ್ಣಿನ ಮಾಳಿಗೆ ಮಲಗಿದ್ದವರ ಮೇಲೆ ಕುಸಿದದ್ದೇ ಅಷ್ಟು ಸಾವಿಗೆ ಕಾರಣ.

ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. 151 ಟಿಎಂಸಿ ನೀರು ಹಿಡಿಯುವ ಆ ಜಲಾಶಯ ಇಕ್ಕೇರಿಯಿಂದ ದೂರವೇನಿಲ್ಲ. ಬ್ಯಾಕೋಡಿಗಂತೂ ಅಂಗಳದ ನೀರು. ಕೊಯ್ನಾದಂಥ ಅನಾಹುತ ಶರಾವತಿ ಕಣಿವೆಯಲ್ಲಿ ಆಗಿಲ್ಲ. ಎಲ್ಲ ಜಲಾಶಯಗಳೂ ಭೂಕಂಪ ತರುವುದಿಲ್ಲ. ಕೆಳಗಿನ ಬಂಡೆಯಲ್ಲಿ ಮೊದಲೇ ಒತ್ತಡ ತುಂಬಿದ ಬಿರುಕು ಇರಬೇಕು. ಹಿನ್ನೀರಿನ ದಡದಲ್ಲಿ ಬಾಳುವವರಿಗೆ ಈ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು. ಕಾರಣವಿಲ್ಲದ ಭಯವೂ ಬೇಡ, ಅಳೆಯುವ ಯಂತ್ರಗಳನ್ನು ಮರೆತು ಕೂರುವುದೂ ಬೇಡ.

ಇಂಥ ನಡುಕ ಬಂದರೆ ಅಘೋರೇಶ್ವರದಂಥ ಗುಡಿ ಏನಾಗುತ್ತದೆ? ಈ ಬಗೆಯ ಕಟ್ಟಡದಲ್ಲಿ ಗಾರೆಯ ಅಂಟು ಇಲ್ಲ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ; ಒಂದರ ಭಾರ ಇನ್ನೊಂದನ್ನು ಒತ್ತಿ ಹಿಡಿದಿದೆ. ನೆಲ ಪಕ್ಕಕ್ಕೆ ತೂಗಿದಾಗ ಕೀಲುಗಳಲ್ಲಿ ಕಲ್ಲು ಕಲ್ಲಿಗೆ ಉಜ್ಜಿ ಕೂದಲೆಳೆಯಷ್ಟು ಜರುಗುತ್ತದೆ, ಆ ಉಜ್ಜುವಿಕೆಯಲ್ಲಿ ನಡುಕದ ಶಕ್ತಿ ಸ್ವಲ್ಪ ಕರಗುತ್ತದೆ. ಗಾರೆ ಹಾಕಿದ ಬಿಗಿ ಗೋಡೆ ಬಿರುಕು ಬಿಡುವ ಕಡೆ ಇದು ಅಲುಗಿ ನಿಲ್ಲಬಲ್ಲದು. ಕಟ್ಟಡ ಅಗಲವಾಗಿದೆ, ತಗ್ಗಾಗಿದೆ, ಕಂಬಗಳು ಗಿಡ್ಡ ಮತ್ತು ದಪ್ಪ. ತಮಿಳುನಾಡಿನ ಗುಡಿಗಳಂತೆ ಮುಗಿಲೆತ್ತರದ ಗೋಪುರವಿಲ್ಲ. ಇವೆಲ್ಲ ಒಳ್ಳೆಯ ಲಕ್ಷಣಗಳು. ಅಪಾಯವಿಲ್ಲವೆಂದಲ್ಲ. ಮೇಲಿನ ಚಪ್ಪಡಿಗಳ ತೂಕ ಅಪಾರ. ಒಂದು ಕಂಬ ವಾಲಿದರೆ ಅದು ಹೊತ್ತದ್ದೆಲ್ಲ ಕೆಳಗೆ. ಮುಂಚಾಚಿದ ಕಪೋತದ ಕಲ್ಲುಗಳು, ವಿಮಾನದ ಮೇಲ್ತುದಿ ಮೊದಲು ಜಾರುತ್ತವೆ. ಇಂಥ ದೇವಾಲಯಗಳ ಗೋಡೆ ಸಾಮಾನ್ಯವಾಗಿ ಒಳಗೊಂದು ಹೊರಗೊಂದು ಕಲ್ಲಿನ ಮುಖ, ನಡುವೆ ಚೂರುಕಲ್ಲು ತುಂಬಿದ್ದು. ನಡುವಿನದು ಸಡಿಲವಾದರೆ ಎರಡು ಮುಖಗಳೂ ಬೇರೆಬೇರೆಯಾಗಿ ಉಬ್ಬುತ್ತವೆ.

ಹೋಲಿಕೆಗೆ ಲಿಸ್ಬನ್ನಿನ ಉದಾಹರಣೆ ತೆಗೆದುಕೊಳ್ಳಬಹುದು. ಮಲೆನಾಡಿನ ಮೆಣಸು ಹಡಗು ಹತ್ತಿ ಇಳಿಯುತ್ತಿದ್ದ ಊರು ಅದು. 1147ರಲ್ಲಿ ಕಟ್ಟಲಾರಂಭಿಸಿದ ಅಲ್ಲಿನ ಕ್ಯಾಥೆಡ್ರಲ್ ಹಲವು ನಡುಕಗಳನ್ನು ಕಂಡಿತ್ತು. 1755ರ ನವೆಂಬರ್ 1, ಸರ್ವಸಂತರ ಹಬ್ಬದ ಬೆಳಿಗ್ಗೆ ಜನ ಇಗರ್ಜಿಗಳಲ್ಲಿ ತುಂಬಿದ್ದಾಗ ಮಹಾ ಭೂಕಂಪ ಬಂತು. ಕಮಾನು ಚಾವಣಿಗಳು ಕುಸಿದವು, ಉರಿಯುತ್ತಿದ್ದ ಮೇಣದಬತ್ತಿಗಳಿಂದ ಬೆಂಕಿ ಎದ್ದಿತು, ಸಮುದ್ರ ಉಕ್ಕಿ ಬಂತು. ಕ್ಯಾಥೆಡ್ರಲ್‌ಗೆ ಭಾರಿ ಪೆಟ್ಟು ಬಿದ್ದಿತು, ಮುಂದೆ ದುರಸ್ತಿಯಾಯಿತು. ಕಾರ್ಮೊ ಮಠದ ಇಗರ್ಜಿಯನ್ನು ಚಾವಣಿಯಿಲ್ಲದೆ ಹಾಗೆಯೇ ಉಳಿಸಿಕೊಂಡಿದ್ದಾರೆ. ಎತ್ತರದ ಕಮಾನು ಪಕ್ಕಕ್ಕೆ ತಳ್ಳುತ್ತದೆ, ಆಸರೆ ಗೋಡೆ ಒಂದಿಷ್ಟು ಸರಿದರೂ ಅದು ನಿಲ್ಲದು. ಕಂಬ–ತೊಲೆಯ ಕಟ್ಟಡದ ಭಾರ ನೇರ ಕೆಳಕ್ಕೆ ಇಳಿಯುತ್ತದೆ. ಲಿಸ್ಬನ್ ಬಿದ್ದ ದಿನ ಕೆಳದಿಯವರು ಬಿದನೂರಿನಲ್ಲಿ ಇನ್ನೂ ಆಳುತ್ತಿದ್ದರು.

ಶಿವಮೊಗ್ಗ ಜಿಲ್ಲೆಯವರಿಗೆ ನಡುಕದ ಅನುಭವ ಇತ್ತೀಚೆಗೆ ಆದದ್ದು ಬೇರೆ ಕಾರಣದಿಂದ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ ಕ್ವಾರಿಗೆ ತಂದ ಸ್ಫೋಟಕ ಸಿಡಿದು ಜೀವಹಾನಿಯಾಯಿತು. ದೂರದ ಊರುಗಳವರೂ ಭೂಕಂಪವೆಂದು ಮನೆಯಿಂದ ಹೊರಗೆ ಓಡಿಬಂದರು. ಹಳೆಯ ಗುಡಿಗಳಿಗೆ ನೂರಾರು ವರ್ಷಕ್ಕೊಮ್ಮೆ ಬರಬಹುದಾದ ಭೂಕಂಪಕ್ಕಿಂತ ವಾರ ವಾರ ಸಿಡಿಸುವ ಕಲ್ಲುಕ್ವಾರಿಯೇ ಹತ್ತಿರದ ಅಪಾಯ ಎಂದು ನಾನು ಆ ರಾತ್ರಿಯಿಂದ ಗಟ್ಟಿಯಾಗಿ ನಂಬಿದ್ದೇನೆ.

ಮಳೆ ಮತ್ತು ಬೇರು

ಅಘೋರೇಶ್ವರನ ನಿತ್ಯದ ಶತ್ರು ನೀರು. ಹೊಸನಗರದ ಹುಲಿಕಲ್ ಘಾಟಿಯಷ್ಟು ಮಳೆ ಇಕ್ಕೇರಿಗೆ ಬೀಳುವುದಿಲ್ಲವಾದರೂ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕಲ್ಲು ಒಣಗುವುದೇ ಇಲ್ಲ. ಚಪ್ಪಡಿಗಳ ಸಂದಿನಲ್ಲಿ ನೀರು ಇಳಿದು ಒಳಗಿನ ತುಂಬುಕಲ್ಲನ್ನು ತೊಳೆಯುತ್ತದೆ. ಹಕ್ಕಿ ತಂದು ಹಾಕಿದ ಆಲದ ಬೀಜವೊಂದು ಬಿರುಕಿನಲ್ಲಿ ಬೇರು ಬಿಟ್ಟರೆ ಕೆಲವು ವರ್ಷಗಳಲ್ಲಿ ತೊಲೆಯನ್ನೇ ಎತ್ತಬಲ್ಲದು. ಪಾಚಿ, ಕಲ್ಲುಹೂವು ಕೆತ್ತನೆಯ ಅಂಚುಗಳನ್ನು ಮಸುಕಾಗಿಸುತ್ತವೆ. ಕಟ್ಟಿದವರಿಗೆ ಇದೆಲ್ಲ ಗೊತ್ತಿತ್ತು. ಜಗತಿಯನ್ನು ಎತ್ತರಿಸಿದ್ದು, ಕಪೋತವನ್ನು ಮುಂಚಾಚಿದ್ದು ಬರಿ ಅಂದಕ್ಕಲ್ಲ. ಗೋಡೆಯ ಬುಡಕ್ಕೆ ನೀರು ಸಿಡಿಯದಿರಲಿ ಎಂದೂ ಹೌದು. ನಮ್ಮ ಹಿರಿಯರ ಮನೆಗಳ ಇಳಿಜಾರು ಮಾಡು ಮಾಡುವ ಕೆಲಸವನ್ನು ಇಲ್ಲಿ ಕಲ್ಲಿನ ಕಪೋತ ಮಾಡುತ್ತದೆ.

ದೇವಾಲಯ ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. 2010ರ ತಿದ್ದುಪಡಿಯಂತೆ ಇಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲಿನದರಲ್ಲಿ ಹೊಸ ಕಟ್ಟಡ, ಗಣಿಗಾರಿಕೆಗಳಿಗೆ ತಡೆಯಿದೆ, ಎರಡನೆಯದರಲ್ಲಿ ಅನುಮತಿ ಬೇಕು. ಕಾಯಿದೆ ಸಾಲದು. ಮಳೆಗಾಲಕ್ಕೆ ಮುಂಚೆ ಚಾವಣಿಯ ಸಂದುಗಳನ್ನು ನೋಡುವುದು, ಚಿಗುರಿದ ಗಿಡವನ್ನು ಬೇರು ಗಟ್ಟಿಯಾಗುವ ಮೊದಲೇ ತೆಗೆಯುವುದು, ಅಂಗಳದ ನೀರು ಬುಡದಲ್ಲಿ ನಿಲ್ಲದಂತೆ ಚರಂಡಿ ಬಿಡಿಸುವುದು ಪ್ರತಿವರ್ಷದ ಕೆಲಸ. ಹಳೆಯ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚುವುದು ಕಲ್ಲಿಗೆ ಒಳಿತಲ್ಲ. ಸಿಮೆಂಟು ಒಳಗಿನ ತೇವವನ್ನು ಹೊರಬಿಡದು, ಕೀಲಿನ ಅಲುಗಾಟವನ್ನೂ ಕಟ್ಟಿಹಾಕುತ್ತದೆ. ಸುಣ್ಣದ ಗಾರೆಯೇ ತಕ್ಕದ್ದು.

ನೋಡಲು ಹೋಗುವವರಿಗೆ

ಸಾಗರದಿಂದ ಅರ್ಧ ದಿನ ಸಾಕು. ಮಳೆ ನಿಂತ ಮೇಲೆ, ಬಿಸಿಲು ಇರುವ ಬೆಳಿಗ್ಗೆ ಹೋದರೆ ಜಾಲಂಧ್ರದ ಬೆಳಕಿನಲ್ಲಿ ಕಂಬಗಳ ಕೆತ್ತನೆ ಚೆನ್ನಾಗಿ ಕಾಣುತ್ತದೆ. ಮೊದಲು ಹೊರಗಿನಿಂದ ಪೂರ್ತಿ ಸುತ್ತು ಬನ್ನಿ, ನಂದಿಮಂಟಪದ ಕಮಾನುಗಳನ್ನು ನೋಡಿ, ಆಮೇಲೆ ಒಳಗೆ. ನೆಲದ ಮೇಲಿನ ಅರಸರ ಆಕೃತಿಗಳನ್ನು ಹುಡುಕಿ ನಿಲ್ಲಿ. ಹೆಸರುಗಳು ಸವೆದಿವೆ, ಪಕ್ಕದಿಂದ ಬೆಳಕು ಬಿದ್ದರೆ ಓದಲು ಸುಲಭ. ಅಲ್ಲಿಂದ ಕೆಳದಿಗೆ ಹೋಗಿ ರಾಮೇಶ್ವರ ಗುಡಿಯನ್ನೂ, ಇತಿಹಾಸಕಾರ ಕೆಳದಿ ಗುಂಡಾಜೋಯಿಸರು ಬೆಳೆಸಿದ ವಸ್ತುಸಂಗ್ರಹಾಲಯವನ್ನೂ ನೋಡಿದರೆ ಮನೆತನದ ತಾಳೆಗರಿ, ದಾಖಲೆಗಳ ಪರಿಚಯವಾಗುತ್ತದೆ. ಸಮಯವಿದ್ದವರು ಹೊಸನಗರದ ಕಡೆ ಇಳಿದು ನಗರದ ಕೋಟೆಯನ್ನೂ ಸೇರಿಸಿಕೊಳ್ಳಬಹುದು. ಕೆಳದಿ, ಇಕ್ಕೇರಿ, ನಗರ ಈ ಕ್ರಮದಲ್ಲೇ ನೋಡಿ. ರಾಜಧಾನಿ ಸರಿದ ದಾರಿಯೂ ಅದೇ.